ಮಾರಿಕಣಿವೆಗೆ ಹೊಸನೀರು

ಆಷಾಢದಲ್ಲಿ ಚಿತ್ರದುರ್ಗದ ಸೀಮೆಗೆ ಬರುವುದು ಮಳೆಗಿಂತ ಹೆಚ್ಚಾಗಿ ಗಾಳಿ. ಮೋಡಗಳು ಕೋಟೆಯ ನೆತ್ತಿಯ ಮೇಲೆ ಸುಳಿದು, ನಾಲ್ಕು ಹನಿಯನ್ನೂ ಉದುರಿಸದೆ ಮೂಡಣಕ್ಕೆ ಓಡುತ್ತವೆ. ಆದರೂ ಹೊಸದುರ್ಗದ ಹೊಲಗಳಲ್ಲಿ ಧೂಳೆದ್ದಿರುವಾಗಲೇ ವೇದಾವತಿಯಲ್ಲಿ ಕೆಂಪು ನೀರು ಇಳಿದುಬರುವುದುಂಟು. ಅದು ಬಾಬಾಬುಡನ್‌ಗಿರಿಯ ಮಳೆ. ವೇದಾ, ಅವತಿ ಎರಡೂ ಕಡೂರಿನ ಬಳಿ ಕೂಡಿ ಹೊತ್ತು ತಂದ ಸಂಪತ್ತು. ಈ ನೀರು ವಾಣೀವಿಲಾಸ ಸಾಗರದ ಹಿನ್ನೀರನ್ನು ಮುಟ್ಟಿದ ದಿನವೇ ಅಲ್ಲಿನ ಮೀನುಬೇಟೆಗೆ ವರ್ಷಾರಂಭ.

ಹಿರಿಯೂರಿನಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ, ಎರಡು ಗುಡ್ಡಗಳ ನಡುವಣ ಮಾರಿಕಣಿವೆಗೆ ಅಡ್ಡಲಾಗಿ ಈ ಕಟ್ಟೆಯ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. 130 ಅಡಿ ತುಂಬಿ ಕೋಡಿ ಹರಿದದ್ದು 1933ರಲ್ಲಿ. ಮತ್ತೊಮ್ಮೆ ಆ ಭಾಗ್ಯ ಕಾಣಲು 2022ರವರೆಗೆ ಕಾಯಬೇಕಾಯಿತು. ಹೊಸನೀರಿನ ಬೆಲೆ ಎಷ್ಟೆಂಬುದನ್ನು ಈ 89 ವರ್ಷಗಳೇ ಹೇಳುತ್ತವೆ.

ನೀರಿನ ಸುಳಿವು ಮೀನಿಗೆ ಮನುಷ್ಯನಿಗಿಂತ ಮೊದಲು ತಿಳಿಯುತ್ತದೆ. ಬೇಸಗೆಯನ್ನೆಲ್ಲ ಆಳದಲ್ಲಿ ಕಳೆದ ಕಾಟ್ಲಾ, ರೋಹು, ಮೃಗಾಲ್‌ಗಳು ಹರಿವಿಗೆ ಎದುರಾಗಿ ಏರತೊಡಗುತ್ತವೆ. ಮೂಲತಃ ಇವು ಗಂಗೆಯ ಬಯಲಿನವು. ಬಿತ್ತನೆ ಮರಿಗಳಾಗಿ ಕನ್ನಡ ನಾಡಿಗೆ ಬಂದರೂ ಹೊಳೆ ಏರುವ ತವರಿನ ಚಾಳಿಯನ್ನು ಮರೆತಿಲ್ಲ. ಮಲೆನಾಡಿನವರು ಹತ್ತುಮೀನು ಎನ್ನುವುದು ಹೀಗೆ ಏರುವ ಮೀನನ್ನೇ. ಏರುವ ಹೆಣ್ಣಿನ ಒಡಲಲ್ಲಿ ಲಕ್ಷಗಟ್ಟಲೆ ಮೊಟ್ಟೆ. ಹರಿಯುವ ನೀರಿನಲ್ಲಿ ತೇಲುತ್ತ ಸಾಗಿದರೆ ಅವು ಸುಮಾರು ಒಂದು ದಿನದೊಳಗೆ ಮರಿಯಾಗುತ್ತವೆ. ನಿಂತ ನೀರಿನಲ್ಲಿ ಕೆಸರಿಗಿಳಿದು ಹಾಳಾಗುತ್ತವೆ. ದೂರದ ಅಮೆರಿಕದಲ್ಲಿ ಹಡ್ಸನ್ ನದಿಯ ಕಥೆಯೂ ಇದೇ. ಚಳಿ ಹಿಂಗುವ ವೇಳೆಗೆ ಸ್ಟ್ರೈಪ್ಡ್ ಬಾಸ್ ಎಂಬ ಪಟ್ಟೆಮೀನು ಕಡಲಿನಿಂದ ಆ ತಣ್ಣನೆಯ ಹೊಳೆಯನ್ನೇರಿ ಮೊಟ್ಟೆಯಿಡುತ್ತದೆ. ದಡದಲ್ಲಿ ಗಾಳ ಹಿಡಿದವರು ಕಾದಿರುತ್ತಾರೆ.

ಇಲ್ಲಿ ಕಾಯುವುದು ಹರಿಗೋಲು, ಬೀಸುಬಲೆ, ಎರೆಹುಳು ಸಿಕ್ಕಿಸಿದ ಗಾಳ. ಹೊಳಲ್ಕೆರೆಯ ಕಡೆ ಕೆರೆ ಕೋಡಿ ಬಿದ್ದರೂ ಇದೇ ಸಂಭ್ರಮ. ಹೊಸನೀರಿನ ಮೀನಿಗೆ ಕೊಬ್ಬು ಹೆಚ್ಚು, ಮುದ್ದೆಯ ಜತೆಗೆ ಅದರ ಸಾರಿನ ರುಚಿಯೇ ಬೇರೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಒಂದು ಗಡಿಗೆ ಸಾರಿನಲ್ಲಿ ಬರುವ ವರ್ಷಗಳ ಮೀನೆಷ್ಟು ಬೆಂದುಹೋಯಿತೆಂದು ಯಾರೂ ಎಣಿಸುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯೂಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಮೀನಿಗೆ ಕೊಳದಲ್ಲೇ ಮೊಟ್ಟೆಯಿಡಿಸಿದ ಮೇಲೆ ಬಿತ್ತನೆಮರಿಯ ಬರ ನೀಗಿತು, ನಿಜ. ಮರಿಗೆ ಹಣ ತೆರಬೇಕು. ಹೊಳೆ ಮಾತ್ರ ಲೆಕ್ಕ ಕೇಳುವುದಿಲ್ಲ.

ಈಚೆಗೆ ಭದ್ರೆಯ ನೀರನ್ನೂ ಎತ್ತಿ ಇತ್ತ ಹರಿಸಲಾಗುತ್ತಿದೆ. 2025ರ ಜನವರಿಯಲ್ಲಿ ಮತ್ತೆ ಕೋಡಿ ಹರಿಯಿತು. ತುಂಬಿದ ಸಾಗರದಲ್ಲಿ ಬಲೆಗೆ ಎಡೆಯೇನೂ ಕಡಿಮೆಯಿಲ್ಲ. ಕೆಂಪು ನೀರು ತಿಳಿಯಾಗುವವರೆಗೆ ಹೊಳೆ ಸೇರುವ ಬಾಯಿಯೊಂದನ್ನು ಬಿಟ್ಟುಕೊಟ್ಟರೆ ಸಾಕು. ಅಲ್ಲಿಯವರೆಗೆ ಸಾರಿಗೆ ಜಿಲೇಬಿ ಮೀನು ಇದ್ದೇ ಇದೆ. ಮರಿಮಾಡಲು ಅದಕ್ಕೆ ಯಾವ ಹೊಳೆಯ ಹಂಗೂ ಇಲ್ಲ.