ವಾಂಗನುಯಿ ನದಿಯಲ್ಲಿ ದೋಣಿಯಾನ

ನ್ಯೂಜಿಲೆಂಡ್ ಸರ್ಕಾರ ತನ್ನ ದೇಶದ ಕೆಲವು ಕಾಲುಹಾದಿಗಳನ್ನು ಆಯ್ದು 'ಮಹಾನಡಿಗೆ'ಗಳೆಂದು ಹೆಸರಿಟ್ಟಿದೆ. ತಮಾಷೆಯೆಂದರೆ, ಇವುಗಳಲ್ಲೊಂದನ್ನು ಯಾರೂ ನಡೆದು ಮುಗಿಸುವುದಿಲ್ಲ. ದೋಣಿಯಲ್ಲಿ ಕುಳಿತು ಹುಟ್ಟು ಹಾಕಿ ಮುಗಿಸುತ್ತಾರೆ! ಅದೇ ಉತ್ತರ ದ್ವೀಪದ ವಾಂಗನುಯಿ ನದಿಯ ಪಯಣ.

ಟೊಂಗರಿರೊ ಜ್ವಾಲಾಮುಖಿಯ ಇಳಿಜಾರಿನಲ್ಲಿ ಹುಟ್ಟುವ ಈ ನದಿಯ ಉದ್ದ ಸುಮಾರು 290 ಕಿ.ಮೀ. ಟೌಮರುನುಯಿ ಪಟ್ಟಣದಿಂದ ಪಿಪಿರಿಕಿ ಹಳ್ಳಿಯವರೆಗಿನ 145 ಕಿ.ಮೀ. ದೋಣಿಯಾನಕ್ಕೆ ಐದು ದಿನ ಬೇಕು. ಬಿಡುವಿಲ್ಲದವರು ನಡುವೆ ವಾಕಹೊರೊದಲ್ಲಿ ದೋಣಿ ಇಳಿಸಿ ಮೂರು ದಿನಗಳಲ್ಲಿ ಮುಗಿಸುತ್ತಾರೆ.

ಹೊರಡುವ ಮುನ್ನ ಮಾರ್ಗದರ್ಶಿಯ ಪಾಠ ನಡೆಯುತ್ತದೆ. ಬಟ್ಟೆ, ಅಕ್ಕಿ, ಬೇಳೆ ಎಲ್ಲವೂ ತಿರುಪು ಮುಚ್ಚಳದ ಪ್ಲಾಸ್ಟಿಕ್ ಪೀಪಾಯಿಗಳೊಳಗೆ. ಪೀಪಾಯಿಗಳನ್ನು ದೋಣಿಗೆ ಹಗ್ಗದಿಂದ ಬಿಗಿಯಬೇಕು. ಇಬ್ಬರು ಕೂರುವ ದೋಣಿಯಲ್ಲಿ ಮುಂದಿನವರದು ಬಲ, ಹಿಂದಿನವರದು ದಿಕ್ಕು. ತಿರುವಿನ ಹೊರಬದಿಯಲ್ಲಿ ನೀರು ಆಳ, ವೇಗವೂ ಹೆಚ್ಚು. ಒಳಬದಿಯಲ್ಲಿ ನಿಧಾನ, ಅಲ್ಲೇ ಜಲ್ಲಿ ಕೂಡುತ್ತದೆ. ಭೂಗೋಳ ಪುಸ್ತಕದಲ್ಲಿ ಬಾಯಿಪಾಠ ಮಾಡಿದ ಸಾಲು ಇಲ್ಲಿ ತೋಳಿಗೆ ತಿಳಿಯುತ್ತದೆ. ಇನ್ನೊಂದು ಪಾಠ ಮನಸ್ಸಿಗೆ ಒಗ್ಗುವುದೇ ಕಷ್ಟ. ದೋಣಿ ಬಂಡೆಗೆ ಅಡ್ಡಲಾಗಿ ಒತ್ತಿಕೊಂಡಾಗ ಬಂಡೆಯ ಕಡೆಗೇ ವಾಲಬೇಕು. ಹೆದರಿ ಈಚೆ ವಾಲಿದರೆ ಮೇಲಿನಿಂದ ಬರುವ ನೀರು ಅಂಚಿನ ಮೇಲೆ ಹಾರಿ ದೋಣಿಯನ್ನು ಮಗುಚಿಬಿಡುತ್ತದೆ.

ಮುಂದೆ ಕಣಿವೆ ಕಿರಿದಾಗುತ್ತದೆ. ಪುರಾತನ ಸಮುದ್ರತಳದ ಕೆಸರು ಗಟ್ಟಿಯಾಗಿ ಆದ ಮೆತ್ತನೆಯ ಕಲ್ಲಿನ ಗೋಡೆಗಳು, ಅವುಗಳ ಮೇಲೆ ಮರದಷ್ಟು ಎತ್ತರದ ಜರೀಗಿಡಗಳು. ಮಳೆ ಬಂತೆಂದರೆ ಈ ಕಲ್ಲೇ ಕರಗಿ ನೀರು ಕಂದಾಗುತ್ತದೆ. ಇಕ್ಕಟ್ಟಿನ ಕಣಿವೆಯಾದ್ದರಿಂದ ಮಟ್ಟವೂ ಬೇಗ ಏರುತ್ತದೆ. ರಾತ್ರಿ ದೋಣಿಗಳನ್ನು ದಡದ ಮೇಲೆ ಎತ್ತರಕ್ಕೆ ಎಳೆದು ಕಟ್ಟುವುದು ಅದಕ್ಕಾಗಿಯೇ.

ಒಂದೆಡೆ ದಡದಿಂದ ಸುಮಾರು ನಲವತ್ತು ನಿಮಿಷ ನಡೆದರೆ ಕಾಡಿನ ನಡುವೆ ಕಾಂಕ್ರೀಟ್ ಸೇತುವೆಯೊಂದು ಎದುರಾಗುತ್ತದೆ. ಅದಕ್ಕೆ ಸೇರುವ ರಸ್ತೆಯೇ ಇಲ್ಲ! ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟಿತ್ತು. ಸೇತುವೆ ಸಿದ್ಧವಾದದ್ದು 1936ರಲ್ಲಿ. ಕಡಿದಾದ ನೆಲ, ಕುಸಿಯುವ ಮಣ್ಣು. 1942ರ ಹೊತ್ತಿಗೆ ಕೊನೆಯ ಕುಟುಂಬಗಳೂ ಹೊರಟುಹೋದವು. 'ಎಲ್ಲಿಗೂ ಹೋಗದ ಸೇತುವೆ' ಎಂಬುದೇ ಅದರ ಹೆಸರು.

ಈ ನದಿಗೆ ಹಳೆಯ ಒಡನಾಡಿಗಳು ಮಾವೊರಿಗಳು. ಅವರ ಕಥೆಯಂತೆ, ಪರ್ವತಗಳ ಜಗಳದಲ್ಲಿ ಸೋತ ಟರನಾಕಿ ಪರ್ವತ ಪಶ್ಚಿಮಕ್ಕೆ ಓಡಿದಾಗ ಉಳಿದ ಗಾಯದ ಗುರುತಿನಲ್ಲೇ ವಾಂಗನುಯಿ ಹರಿಯುತ್ತಿದೆ. ನದಿಯೇ ಪೂರ್ವಿಕ ಎನ್ನುವ ಈ ಜನ ಹಾವುಮೀನು ಹಿಡಿಯಲು ನೀರಲ್ಲಿ ಮರದ ಬೇಲಿಗಳನ್ನು ಕಟ್ಟಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ರವಾಸಿಗರ ಹಬೆದೋಣಿಗಳು ಬಂದವು. ಅವುಗಳ ದಾರಿ ಸುಗಮವಾಗಲೆಂದು ಬೇಲಿಗಳನ್ನು ಕಿತ್ತುಹಾಕಲಾಯಿತು. ನದಿತಳ ಯಾರದೆಂದು 1938ರಲ್ಲಿ ಹೂಡಿದ ದಾವೆ ದಶಕಗಳ ಕಾಲ ನ್ಯಾಯಾಲಯಗಳನ್ನು ಅಲೆಯಿತು. ಕೊನೆಗೆ 2017ರ ಮಾರ್ಚ್‌ನಲ್ಲಿ ಸಂಸತ್ತು ಈ ನದಿಯನ್ನು ಪರ್ವತದಿಂದ ಸಮುದ್ರದವರೆಗೆ ಒಂದೇ ಜೀವಿ, ಕಾನೂನಿನ ದೃಷ್ಟಿಯಲ್ಲಿ ಒಬ್ಬ ವ್ಯಕ್ತಿ ಎಂದು ಒಪ್ಪಿತು. ನದಿಯ ಪರವಾಗಿ ಮಾತನಾಡಲು ಇಬ್ಬರು: ಒಬ್ಬರು ಸರ್ಕಾರ ಸೂಚಿಸಿದವರು, ಇನ್ನೊಬ್ಬರು ಮಾವೊರಿಗಳು ಸೂಚಿಸಿದವರು. ಅದೇ ತಿಂಗಳು ಉತ್ತರಾಖಂಡ ಹೈಕೋರ್ಟ್ ಗಂಗೆ, ಯಮುನೆಯರಿಗೂ ಅಂಥದೇ ಸ್ಥಾನ ಕೊಟ್ಟು ತೀರ್ಪಿತ್ತಿತು. ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು.

ಆದರೆ ಕಾನೂನು ಎಲ್ಲವನ್ನೂ ಸರಿಪಡಿಸಿಲ್ಲ. 1970ರ ದಶಕದಿಂದ ನದಿಯ ಮೇಲ್ಭಾಗದ ನೀರಿನ ಒಂದು ಪಾಲನ್ನು ಸುರಂಗ, ಕಾಲುವೆಗಳ ಮೂಲಕ ವಿದ್ಯುತ್ ಉತ್ಪಾದನೆಗೆ ತಿರುಗಿಸಲಾಗುತ್ತಿದೆ. ಆ ನೀರು ಟೌಪೊ ಸರೋವರದತ್ತ ಹೋಗುತ್ತದೆ, ವಾಂಗನುಯಿಗೆ ಮರಳುವುದಿಲ್ಲ. ಹೊಸ ಕಾನೂನು ಬಂದಾಗ ಈ ಹಳೆಯ ಪರವಾನಗಿಗಳು ಹಾಗೆಯೇ ಉಳಿದವು. ದೋಣಿಯ ತಳ ಜಲ್ಲಿಗೆ ಉಜ್ಜಿದಾಗ ಎಷ್ಟು ಪ್ರವಾಸಿಗರಿಗೆ ಇದು ನೆನಪಾದೀತು?

ಟಿಯೆಕೆ ಎಂಬಲ್ಲಿ ತಂಗುವ ಮನೆ ಮಾವೊರಿಗಳ ಸಭಾಸ್ಥಳವೂ ಹೌದು. ಅಲ್ಲಿ ಅತಿಥಿಗಳು ಅವರ ಕಟ್ಟುಪಾಡಿನಂತೆ ನಡೆದುಕೊಳ್ಳಬೇಕು, ಮದ್ಯಕ್ಕೆ ಅವಕಾಶವಿಲ್ಲ. ಪಿಪಿರಿಕಿ ಸೇರುವ ಮುನ್ನ ಔಟಪು ಎಂಬ ಕೊನೆಯ ದೊಡ್ಡ ಸೆಳವು ಸಿಗುತ್ತದೆ. ದೋಣಿ ದಾಟುವ, ಮಗುಚುವ ಸಾಧ್ಯತೆ ಸಮಸಮ ಎಂದು ಅದಕ್ಕೆ 'ಫಿಫ್ಟಿ-ಫಿಫ್ಟಿ' ಎಂಬ ಅಡ್ಡಹೆಸರು. ಪೀಪಾಯಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ಮಾರ್ಗದರ್ಶಿ ಅಲ್ಲಿ ಮತ್ತೊಮ್ಮೆ ತಿರುಪಿ ನೋಡುತ್ತಾನೆ.