ಸಂತೆಯಿಂದ ಬಂದ ಸೀನು

ಕೋಳಿಯೂ ಸೀನುತ್ತದೆ ಎಂದು ನನಗೆ ಗೊತ್ತಾದದ್ದು ನಲವತ್ತು ದಾಟಿದ ಮೇಲೆ. ಕಳೆದ ಆಷಾಢದ ಒಂದು ಬೆಳಗ್ಗೆ, ನಮ್ಮ ಮಲೆನಾಡಿನ ಜಡಿಮಳೆಯಲ್ಲಿ ಹಿತ್ತಲಿನ ಗೂಡಿನ ಬಾಗಿಲು ತೆಗೆದಾಗ ಒಳಗಿನಿಂದ 'ಪಿಚಕ್' ಎಂದಿತು. ಎಳೆಮಗು ಸೀನಿದ ಹಾಗೆ. ಮಗಳಿಗೆ ನಗುವೋ ನಗು. ನಾನೂ ನಕ್ಕೆ.

ಆಗ ನಮ್ಮಲ್ಲಿದ್ದದ್ದು ಒಂಬತ್ತು ಕೋಳಿ. ಎಂಟು ಹಳೆಯವು, ಒಂದು ನಾಲ್ಕು ದಿನದ ಹಿಂದೆ ನಾನೇ ಸಂತೆಯಿಂದ ತಂದ ಗಿರಿರಾಜ ಹೇಂಟೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ತಳಿ, ನಾಟಿಗಿಂತ ಮೊಟ್ಟೆ ಹೆಚ್ಚು. ಮಾರುವವನು ಹೇಳಿದ ಬೆಲೆ ತುಸು ಕಡಿಮೆಯೇ ಇತ್ತು. ಖುಷಿಪಟ್ಟೆನೇ ಹೊರತು ಯಾಕೆ ಕಡಿಮೆ ಎಂದು ಯೋಚಿಸಲಿಲ್ಲ. ತಂದವಳೇ ಸೀದಾ ಉಳಿದವುಗಳ ಜೊತೆ ಬಿಟ್ಟೆ.

ಸೀನು ಕೇಳಿದ ಎರಡನೆಯ ದಿನ ಮಗಳ ಮುದ್ದಿನ ಕರಿಚುಕ್ಕಿಯ ಒಂದು ಕಣ್ಣು ಮುಚ್ಚಿತ್ತು. ಕಣ್ಣಿನ ಕೆಳಗೆ ಅಡಕೆ ಗಾತ್ರದ ಊತ. ಮೂಗಿನಲ್ಲಿ ಅಂಟು ಸಿಂಬಳ, ಹತ್ತಿರ ಹೋದರೆ ಕೊಳೆತ ವಾಸನೆ. ಇನ್ನೂ ಮೂರು ಕೋಳಿಗಳ ಮೂಗು ಸುರಿಯುತ್ತಿತ್ತು.

"ಶೀತ ಕಣೇ, ಶುಂಠಿ ಮೆಣಸು ಕುದಿಸಿ ಹಾಕು" ಅಂದರು ಅತ್ತೆ. ಚಳಿಯಾಗದಿರಲಿ ಎಂದು ಗೂಡಿನ ಸುತ್ತ ಟಾರ್ಪಾಲು ಬಿಗಿದೆ. ಕಷಾಯವನ್ನು ಒಂದು ಕೆಂಪು ಹೇಂಟೆಯ ಬಾಯಿಗೆ ಚಮಚದಲ್ಲಿ ಸುರಿದೆ. ಅದು ಕೊಕ್ಕು ತೆರೆದು ಎರಡು ಸಲ ಒದ್ದಾಡಿ ನನ್ನ ಕೈಯಲ್ಲೇ ಕತ್ತು ಚೆಲ್ಲಿತು.

ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ ಇರುತ್ತದಂತೆ. ಹಿಡಿದು ಸುರಿದದ್ದು ಹೊಟ್ಟೆಗೆ ಹೋಗುವ ಬದಲು ಸುಲಭವಾಗಿ ಉಸಿರಿನ ದಾರಿಗೆ ಇಳಿಯುತ್ತದೆ. ಇದನ್ನು ಪಶುವೈದ್ಯರು ಹೇಳಿದ್ದು ಮರುದಿನ. ಆ ಸಲದ ಕಾಯಿಲೆಯಲ್ಲಿ ನಮಗೆ ಹೋದದ್ದು ಅದೊಂದೇ ಕೋಳಿ, ಅದೂ ಕಾಯಿಲೆಯಿಂದಲ್ಲ.

ಕರಿಚುಕ್ಕಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಪಶು ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಮುಟ್ಟುವ ಮೊದಲೇ ಕೇಳಿದರು, "ಈಚೆಗೆ ಹೊಸ ಕೋಳಿ ಏನಾದರೂ ತಂದಿದ್ದೀರಾ?" ನಾನು ತಲೆ ತಗ್ಗಿಸಿದೆ. ವಾಸನೆ, ಮುಖದ ಊತ ನೋಡಿ ಕೊರೈಜಾ ಇರಬೇಕು ಎಂದರು. ಖಚಿತವಾಗಬೇಕಾದರೆ ಪ್ರಯೋಗಾಲಯಕ್ಕೆ ಕಳಿಸಬೇಕು. ಇದೊಂದು ಬ್ಯಾಕ್ಟೀರಿಯಾ, ಕೋಳಿಯ ಮೈಯಿಂದ ಹೊರಗೆ ಬಹಳ ದಿನ ಬದುಕದು. ಒಂದು ಕೋಳಿಯ ಮೂಗಿನಿಂದ ಇನ್ನೊಂದರ ಮೂಗಿಗೆ, ಮುಖ್ಯವಾಗಿ ಕುಡಿಯುವ ನೀರಿನ ಮೂಲಕ ದಾಟುತ್ತದೆ. ಹೊಸ ಕೋಳಿಯನ್ನು ಮೂರು ನಾಲ್ಕು ವಾರ ಬೇರೆಯೇ ಇಟ್ಟಿದ್ದರೆ ನೋಡಿಯಾದರೂ ತಿಳಿಯುತ್ತಿತ್ತು.

ಟಾರ್ಪಾಲಿನ ಸಂಗತಿ ಹೇಳಿದ್ದಕ್ಕೆ ಬೈಸಿಕೊಂಡೆ. ಒದ್ದೆ ಹಿಕ್ಕೆಯಿಂದ ಏಳುವ ಅಮೋನಿಯಾ ಉಸಿರಿನ ದಾರಿಯ ಒಳಪೊರೆಯನ್ನು ಸುಡುತ್ತದೆ, ಸುಟ್ಟ ಪೊರೆ ರೋಗ ತಡೆಯಲಾರದು. "ಗೂಡಿನೊಳಗೆ ಕೋಳಿಯ ಎತ್ತರಕ್ಕೆ ಬಗ್ಗಿ ಉಸಿರಾಡಿ ನೋಡಿ. ನಿಮ್ಮ ಕಣ್ಣು ಉರಿದರೆ ಅದರದ್ದೂ ಉರಿಯುತ್ತೆ" ಅಂದರು. ಸಂಜೆ ಬಗ್ಗಿ ನೋಡಿದೆ. ಕಣ್ಣಲ್ಲಿ ನೀರು ಬಂತು. ಟಾರ್ಪಾಲಿನ ಮೇಲ್ಭಾಗ ಬಿಚ್ಚಿ ಗಾಳಿಗೆ ದಾರಿ ಬಿಟ್ಟೆ, ಒದ್ದೆ ಹೊಟ್ಟು ತೆಗೆದು ಒಣಗಿದ್ದು ಹಾಕಿದೆ.

ಕೊಟ್ಟ ಔಷಧದ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಕೊಕ್ಕರೆ ರೋಗದಲ್ಲೂ ಕೋಳಿ ಕೆಮ್ಮುತ್ತದೆ, ಕ್ರಮೇಣ ಕತ್ತು ತಿರುಚಿಕೊಳ್ಳುತ್ತದೆ. ಅದು ವೈರಸ್ಸು. ಈ ಪುಡಿ ಅದಕ್ಕೆ ನಾಟುವುದಿಲ್ಲ, ಮೊದಲೇ ಲಸಿಕೆ ಹಾಕಿಸಬೇಕಷ್ಟೆ. ಕೋಳಿಗಳು ಇದ್ದಕ್ಕಿದ್ದಂತೆ ಸಾಲಾಗಿ ಸತ್ತರಂತೂ ಮುಟ್ಟದೆ ಡಾಕ್ಟರಿಗೆ ಹೇಳಬೇಕು, ಹಕ್ಕಿಜ್ವರವೂ ಇರಬಹುದು.

ಐದು ದಿನ ಔಷಧದ ನೀರು ಬಿಟ್ಟು ಬೇರೆ ನೀರು ಇಡಲಿಲ್ಲ. ದಿನಾ ಚೆಲ್ಲಿ ಹೊಸದಾಗಿ ಕಲಸುವುದು. ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಹತ್ತಿಯಿಂದ ಕಣ್ಣು ಮೂಗು ಒರೆಸುವುದು ಮಗಳ ಕೆಲಸವಾಯಿತು. ಕರಿಚುಕ್ಕಿಗೆ ಕಣ್ಣು ಕಾಣದು, ಬಟ್ಟಲು ಸಿಗದು. ಮೆತ್ತಗೆ ಬೆಂದ ಅನ್ನವನ್ನು ಅದರ ಕೊಕ್ಕಿಗೆ ತಾಗುವಂತೆ ಹಿಡಿದು ಕೂರುತ್ತಿದ್ದಳು.

ಉಳಿದವು ವಾರದಲ್ಲಿ ಚೇತರಿಸಿಕೊಂಡವು, ಕರಿಚುಕ್ಕಿಯ ಊತ ಮಾತ್ರ ಕಲ್ಲಿನಂತೆ ಕೂತಿತ್ತು. ಕೋಳಿಯ ಕೀವು ನಮ್ಮದರಂತೆ ಹರಿಯುವುದಿಲ್ಲ, ಗಿಣ್ಣಿನ ಹಾಗೆ ಗಟ್ಟಿಯಾಗುತ್ತದೆ. ಡಾಕ್ಟರು ಮರಗಟ್ಟಿಸಿ ಚಿಕ್ಕದಾಗಿ ಕೊಯ್ದು ಹಳದಿ ಗೆಡ್ಡೆಯೊಂದನ್ನು ಹೊರತೆಗೆದರು. ಮಗಳು ಪೂರ್ತಿ ನೋಡಿದಳು, ನಾನು ಕಿಟಕಿಯಾಚೆ ನೋಡಿದೆ.

ಔಷಧ ನಡೆದಷ್ಟು ದಿನ ಮತ್ತು ಆಮೇಲೆ ಡಾಕ್ಟರು ಹೇಳಿದಷ್ಟು ದಿನ ಮೊಟ್ಟೆಗಳನ್ನೆಲ್ಲ ಗುಂಡಿಗೆ ಹಾಕಿದೆವು. ಅತ್ತೆಗೆ ಅದೇ ದೊಡ್ಡ ಸಂಕಟ.

ಕೊನೆಗೆ ಡಾಕ್ಟರು ಹೇಳಿದ ಮಾತೇ ಕಷ್ಟದ್ದು. ವಾಸಿಯಾದ ಕೋಳಿಗಳೂ ರೋಗಾಣುವನ್ನು ಹೊತ್ತೇ ಇರುತ್ತವೆ. ಇವನ್ನು ಮಾರಬಾರದು, ಯಾರಿಗೂ ಕೊಡಬಾರದು, ಇವುಗಳ ಜೊತೆ ಹೊಸ ಮರಿ ಬಿಡಬಾರದು. ಮೈಕೋಪ್ಲಾಸ್ಮಾವೂ ಸೇರಿದ್ದರೆ ಮೊಟ್ಟೆಯ ಮೂಲಕ ಮರಿಗೂ ಹೋಗುತ್ತದೆ, ಹಾಗಾಗಿ ಕಾವಿಗೂ ಬೇಡ.

"ಅಷ್ಟೆಲ್ಲ ಯಾಕೆ? ಈಗ ಚೆನ್ನಾಗಿ ಕಾಣ್ತಾವೆ, ಸಂತೆಗೆ ಹಾಕಿಬಿಡಕ್ಕ" ಅಂದಳು ಪಕ್ಕದ ಮನೆಯವಳು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಎಂಟು ಕೋಳಿಯ ದುಡ್ಡು ನಮಗೆ ಸಣ್ಣದಲ್ಲ, ಒಂದು ರಾತ್ರಿ ಲೆಕ್ಕವನ್ನೂ ಹಾಕಿದೆ. ಬೆಲೆ ತುಸು ಕಡಿಮೆ ಹೇಳಿದರೆ ಬೇಗ ಹೋಗುತ್ತವೆ ಎಂದುಕೊಂಡ ಕೂಡಲೇ ನನಗೆ ಮಾರಿದವನ ಮುಖ ನೆನಪಾಯಿತು. ಅವನಿಗೂ ಹೀಗೇ ಯಾರೋ ಹೇಳಿರಬೇಕು.

ಎಂಟೂ ನಮ್ಮಲ್ಲೇ ಇವೆ. ಇವು ಮುಗಿದ ಮೇಲೆ ಗೂಡು ತೊಳೆದು, ಸುಣ್ಣ ಬಳಿದು, ಕೆಲವು ವಾರ ಖಾಲಿ ಬಿಟ್ಟು ಆಮೇಲೆ ಹೊಸ ಮರಿ. ಮಗಳು ಗೆಳತಿಗೆ ಕರಿಚುಕ್ಕಿಯ ಎರಡು ಮರಿ ಕೊಡುತ್ತೇನೆಂದು ಮಾತು ಕೊಟ್ಟಿದ್ದಳು. ಮೊನ್ನೆ ಆರು ಮೊಟ್ಟೆ ಒಯ್ದು ಕೊಟ್ಟು ಬಂದಳು, "ಕಾವಿಗೆ ಇಡಬೇಡ, ಬೇಯಿಸಿ ತಿನ್ನು" ಎಂದು ಹೇಳಿ. ಗೆಳತಿ ಎರಡು ದಿನ ಮಾತು ಬಿಟ್ಟಿದ್ದಳಂತೆ.