ನಾಲ್ಕಕ್ಷರದ ಊರು

ಮಂಡಗದ್ದೆಯ ಮಳೆಗಾಲದಲ್ಲಿ ಜಗಲಿ ಮೇಲೆ ಕೂತು ಶೆಲ್ ಸ್ಕ್ರಿಪ್ಟ್ ಬರೆಯುವುದೆಂದರೆ ನನಗೆ ಹಬ್ಬ. ಕರೆಂಟು ಹೋದರೂ ಸರಿ, ನೆಟ್ಟಿಲ್ಲದಿದ್ದರೂ ಸರಿ, ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ಸಾಗುತ್ತದೆ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಿರುತ್ತವೆ. ಕಂಡಷ್ಟನ್ನು ದಿನಕ್ಕೊಂದು ಫೈಲಿನಲ್ಲಿ ಬರೆದಿಡುತ್ತೇನೆ. ತಿಂಗಳ ಕೊನೆಗೆ ಅವನ್ನು ಒಂದು ಪಟ್ಟಿಯಾಗಿ ಜೋಡಿಸಲು ಮೂವತ್ತು ಸಾಲಿನ ಸ್ಕ್ರಿಪ್ಟಿದೆ.

ಪಟ್ಟಿಯ ತಲೆಗೆ ಊರಿನ ಹೆಸರು, ಅದರ ಕೆಳಗೆ ಹೆಸರಿನಷ್ಟೇ ಉದ್ದದ ಗೆರೆ. ಬ್ಯಾಶ್ ಎಂಬ ಶೆಲ್‌ನಲ್ಲಿ ಓಡಿಸಿದರೆ ಎಂಟು ಗೀಟು ಬಂತು. ಅದೇ ಸ್ಕ್ರಿಪ್ಟನ್ನು ಡ್ಯಾಶ್ ಎಂಬ ಇನ್ನೊಂದು ಶೆಲ್‌ಗೆ ಕೊಟ್ಟರೆ ಇಪ್ಪತ್ತನಾಲ್ಕು! ನಾವು ಬಾಯಲ್ಲಿ ಎಣಿಸಿದರೆ ಮಂ-ಡ-ಗ-ದ್ದೆ, ನಾಲ್ಕೇ. ಬ್ಯಾಶ್ ಸೊನ್ನೆ, ಒತ್ತು, ಎತ್ವಗಳನ್ನೆಲ್ಲ ಬಿಡಿಸಿ ಎಂಟು ಎನ್ನುತ್ತದೆ. ಯುಟಿಎಫ್-8ರಲ್ಲಿ ಆ ಒಂದೊಂದಕ್ಕೂ ಮೂರು ಬೈಟ್. ನನ್ನಲ್ಲಿರುವ ಡ್ಯಾಶ್ ಎಣಿಸುವುದು ಬೈಟನ್ನು. ಆ ಸಂಜೆ ಗೆರೆ ಸರಿಮಾಡುವುದನ್ನು ಬಿಟ್ಟು ಗೊತ್ತಿದ್ದ ಊರುಗಳ ಹೆಸರನ್ನೆಲ್ಲ ಎರಡರಲ್ಲೂ ಅಳೆದು ನೋಡುತ್ತ ಕೂತೆ.

ಸ್ಟೀಫನ್ ಬೋರ್ನ್ ಬರೆದ ಶೆಲ್ 1979ರಲ್ಲಿ ಯುನಿಕ್ಸ್‌ನ ಏಳನೇ ಆವೃತ್ತಿಯೊಡನೆ ಹೊರಬಂತು. ಬ್ಯಾಶ್, ಡ್ಯಾಶ್, ಝಡ್‌ಶೆಲ್ ಎಲ್ಲ ಅದರ ದಾರಿ ಹಿಡಿದವೇ. 2006ರಲ್ಲಿ ಉಬುಂಟು ತನ್ನ ‘ಎಸ್‌ಎಚ್’ ಎಂಬ ಹೆಸರಿನ ಶೆಲ್ಲನ್ನು ಬ್ಯಾಶ್‌ನಿಂದ ಡ್ಯಾಶ್‌ಗೆ ಬದಲಿಸಿದಾಗ, ತಲೆಸಾಲಿನಲ್ಲಿ ಎಸ್‌ಎಚ್ ಎಂದು ಬರೆದು ಒಳಗೆ ಬ್ಯಾಶ್‌ನ ಜೋಡಿ ಚೌಕ ಕಂಸ ಬಳಸಿದ್ದ ಸ್ಕ್ರಿಪ್ಟುಗಳು ಮುಗ್ಗರಿಸಿದವು. ತಪ್ಪು ಡ್ಯಾಶ್‌ನದಲ್ಲ ಎಂದೇ ನನ್ನ ಅಭಿಪ್ರಾಯ. ಎಸ್‌ಎಚ್ ಎಂದು ಬರೆದ ಮೇಲೆ ಆ ಮಾತಿಗೆ ನಿಲ್ಲಬೇಕು.

ನನಗೆ ತುಂಬ ಇಷ್ಟವಾದ ವ್ಯತ್ಯಾಸ ಖಾಲಿ ಜಾಗದ್ದು. ‘ಹಾವಕ್ಕಿ ಜುಲೈ’ ಎಂಬ ಫೈಲಿನ ಹೆಸರನ್ನು ಚರಾಂಶದಲ್ಲಿಟ್ಟು, ಉದ್ಧರಣ ಚಿಹ್ನೆ ಹಾಕದೆ ಬಳಸಿದರೆ ಬ್ಯಾಶ್, ಡ್ಯಾಶ್ ಎರಡೂ ಹಾವಕ್ಕಿಯನ್ನು ಒಂದು ಕಡೆ, ಜುಲೈಯನ್ನು ಇನ್ನೊಂದು ಕಡೆ ಹುಡುಕುತ್ತವೆ. ಝಡ್‌ಶೆಲ್ ಮಾತ್ರ ಇಡೀ ಹೆಸರನ್ನು ಒಡೆಯದೆ ಒಯ್ಯುತ್ತದೆ. ಎರಡು ಪುಟ್ಟ ಚಿಹ್ನೆ ಹಾಕಿದರೆ ಮೂರಕ್ಕೂ ಒಂದೇ ಅರ್ಥ. ಅದನ್ನು ಹಾಕುವಾಗ ಸಿಗುವ ಸುಖ, ಪತ್ರ ಮಡಚಿ ಲಕೋಟೆ ಅಂಟಿಸುವಾಗಿನ ಸುಖ.

ಗೆರೆಗೆ ಈಗ ಎಲ್ಲ ಕಡೆ ಇಪ್ಪತ್ತೇ ಗೀಟು, ಶೆಲ್‌ನಿಂದ ಶೆಲ್‌ಗೆ ಬೇರೆಯಾಗಿ ನಡೆದುಕೊಳ್ಳುವ ಎಕೋ ಬದಲು ಪ್ರಿಂಟ್‌ಎಫ್. ಮೂರು ಶೆಲ್‌ಗಳಲ್ಲೂ ಓಡಿಸಿ, ಬಂದ ಪಟ್ಟಿಗಳನ್ನು ಎರಡೆರಡಾಗಿ ಹೋಲಿಸಲು ಡಿಫ್‌ಗೆ ಕೊಡುತ್ತೇನೆ. ವ್ಯತ್ಯಾಸವಿಲ್ಲದಿದ್ದರೆ ಡಿಫ್ ಏನೂ ಹೇಳುವುದಿಲ್ಲ. ಪರದೆ ಖಾಲಿ ಉಳಿದದ್ದು ನೋಡಿಕೊಂಡು, ಕೊಡೆ ಹಿಡಿದು ಹೊಳೆ ಕಡೆ ಹೊರಡುತ್ತೇನೆ.